ಬ್ರೈಟನ್ನಿನ ಹಸಿರು ಗೋಡೆಯ ಅಂಗಡಿ

ಪ್ರೌಢಶಾಲೆಯ ಇತಿಹಾಸ ಪಠ್ಯಗಳಲ್ಲಿ ವ್ಯಾಪಾರವೆಂದರೆ ಈಸ್ಟ್ ಇಂಡಿಯಾ ಕಂಪನಿ, ಕರಿಮೆಣಸು, ಮಸ್ಲಿನ್ ಬಟ್ಟೆ ಇಷ್ಟೇ. ಬೀದಿಬದಿಯ ಸಣ್ಣ ಅಂಗಡಿಯೊಂದಕ್ಕೂ ಇತಿಹಾಸವುಂಟು, ಅದರಿಂದಲೂ ಕಲಿಯುವುದುಂಟು ಎಂಬ ಮಾತಿಗೆ ನಮ್ಮ ಪಠ್ಯಕ್ರಮದಲ್ಲಿ ಎಡೆಯಿರಲಿಲ್ಲ. ಆ ಕೊರತೆಯನ್ನು ಇಲ್ಲಿ ತುಸು ತುಂಬೋಣವೆಂದು ಇಂಗ್ಲೆಂಡಿನ ಒಂದು ಅಂಗಡಿಯ ಕಥೆಯನ್ನು ಆಯ್ದುಕೊಂಡಿದ್ದೇನೆ. ಅದರ ಹೆಸರು ‘ದಿ ಬಾಡಿ ಶಾಪ್’.

ಇದನ್ನು ತೆರೆದ ಅನಿತಾ ರಾಡಿಕ್ 1942ರಲ್ಲಿ ಲಿಟಲ್‌ಹ್ಯಾಂಪ್ಟನ್ ಎಂಬ ಕಡಲತೀರದ ಊರಿನಲ್ಲಿ, ಇಟಲಿಯಿಂದ ವಲಸೆ ಬಂದ ಕುಟುಂಬದಲ್ಲಿ ಹುಟ್ಟಿದರು. ಆಕೆ ಶಿಕ್ಷಕಿಯ ತರಬೇತಿ ಪಡೆದವರು ಎಂಬುದು ನನ್ನಂಥವನಿಗೆ ವಿಶೇಷ ಸಂತೋಷ ಕೊಡುವ ಸಂಗತಿ. ದೇಶ ಸುತ್ತಿದಾಗ ಪಾಲಿನೇಷ್ಯಾದ ಹೆಂಗಸರು ಕೋಕೋ ಬೀಜದ ಕೊಬ್ಬನ್ನು ಮೈಗೆ ಹಚ್ಚಿಕೊಳ್ಳುವುದನ್ನು ಕಂಡು, ಆಯಾ ನೆಲದಲ್ಲಿ ಬೆಳೆಯುವ ವಸ್ತುವೇ ಆಯಾ ಜನರ ಚರ್ಮವನ್ನು ಕಾಪಾಡುತ್ತ ಬಂದಿದೆ ಎಂಬುದನ್ನು ಮನಗಂಡರು. ಸೀಗೆಕಾಯಿ, ಅಂಟುವಾಳ, ಕಡಲೆಹಿಟ್ಟಿನಲ್ಲಿ ಮಿಂದು ಬೆಳೆದ ನಮ್ಮ ತಲೆಮಾರಿಗೆ ಇದರಲ್ಲಿ ಹೊಸತೇನೂ ಇಲ್ಲ. ಆದರೆ ಬಣ್ಣದ ಡಬ್ಬಿಗಳಿಗೆ ಮರುಳಾಗಿದ್ದ ಅಂದಿನ ಇಂಗ್ಲೆಂಡಿಗೆ ಅದು ಹೊಸ ಮಾತಾಗಿತ್ತು.

1976ರ ಮಾರ್ಚ್ 26ರಂದು ಬ್ರೈಟನ್ ನಗರದಲ್ಲಿ ಅಂಗಡಿ ತೆರೆಯಿತು. ಬಂಡವಾಳ 4,000 ಪೌಂಡ್ ಸಾಲ. ಪತಿ ಗಾರ್ಡನ್ ದಕ್ಷಿಣ ಅಮೆರಿಕದ ಬ್ಯೂನಸ್ ಐರಿಸ್‌ನಿಂದ ನ್ಯೂಯಾರ್ಕಿನವರೆಗೆ ಕುದುರೆ ಸವಾರಿ ಮಾಡುವ ಸಾಹಸಕ್ಕೆ ಹೊರಟಿದ್ದರು. ಇಬ್ಬರು ಹೆಣ್ಣುಮಕ್ಕಳನ್ನು ಸಾಕುವ ಹೊಣೆ ಅನಿತಾ ಅವರ ಮೇಲಿತ್ತು. ಪರಿಸರಪ್ರಜ್ಞೆಯ ಗುರುತೆಂದು ಮುಂದೆ ಜಗತ್ತು ಕೊಂಡಾಡಿದ ಎಷ್ಟೋ ಸಂಗತಿಗಳು ಆಗ ಬಡತನದ ಉಪಾಯಗಳಾಗಿದ್ದವು. ಗೋಡೆಗೆ ಕಡುಹಸಿರು ಬಳಿದದ್ದು ತೇವದ ಕಲೆ ಮುಚ್ಚಲೆಂದು. ಅಗ್ಗವಾಗಿ ಸಿಕ್ಕಿದವೆಂದು ಆಸ್ಪತ್ರೆಗಳಲ್ಲಿ ಮೂತ್ರದ ಮಾದರಿ ಹಿಡಿಯಲು ಬಳಸುವ ಬಾಟಲಿಗಳನ್ನು ತಂದರು. ಅವೂ ಸಾಲದಾದಾಗ, ಖಾಲಿ ಬಾಟಲಿ ಮರಳಿ ತಂದರೆ ಮತ್ತೆ ತುಂಬಿಸಿಕೊಡುವ ಪದ್ಧತಿ ಹುಟ್ಟಿತು. ಚೀಟಿಗಳನ್ನು ಕೈಯಲ್ಲೇ ಬರೆದು ಅಂಟಿಸಿದರು. ಹಾಸಿಗೆ ಇದ್ದಷ್ಟೇ ಕಾಲು ಚಾಚಿದವರ ಕೈಯಲ್ಲಿ ಕಸ ಕಡಿಮೆಯಾಗುವುದು ಸಹಜವಷ್ಟೆ.

ಅಂಗಡಿ ಬೆಳೆಯಿತು. ಇತರರಿಗೆ ಹೆಸರಿನ ಬಳಕೆಗೆ ಅನುಮತಿ ಕೊಟ್ಟು ಶಾಖೆಗಳನ್ನು ತೆರೆಯಿಸಿದರು. 1984ರಲ್ಲಿ ಸಂಸ್ಥೆ ಲಂಡನ್ ಷೇರುಪೇಟೆ ಸೇರಿತು. 1986ರಲ್ಲಿ ಗ್ರೀನ್‌ಪೀಸ್ ಜೊತೆ ತಿಮಿಂಗಿಲಗಳ ರಕ್ಷಣೆಯ ಪ್ರಚಾರ ಕೈಗೊಂಡಿತು. ಪ್ರಸಾಧನಗಳಲ್ಲಿ ಬಳಕೆಯಾಗುತ್ತಿದ್ದ ಸ್ಪರ್ಮ್ ತಿಮಿಂಗಿಲದ ಎಣ್ಣೆಯ ಕೆಲಸವನ್ನು ಮರುಭೂಮಿಯ ಹೊಹೊಬಾ ಗಿಡದ ಬೀಜದ ಎಣ್ಣೆ ಮಾಡಬಲ್ಲದು ಎಂಬುದು ಅದರ ವಾದ. ನಮ್ಮ ನೆರೆಯ ತಮಿಳುನಾಡಿನ ತಿರುಮಂಗಲದಲ್ಲಿ ಮರದ ಅಂಗಮರ್ದನ ಉಪಕರಣಗಳನ್ನು ಮಾಡಿಸಿ ಕೊಳ್ಳುವ ವ್ಯವಹಾರ 1987ರಲ್ಲಿ ಆರಂಭವಾಯಿತು. ಪ್ರಾಣಿಗಳ ಮೇಲೆ ಪ್ರಸಾಧನಗಳ ಪರೀಕ್ಷೆ ಕೂಡದೆಂಬ ಕೂಗಿಗೂ ಈ ಅಂಗಡಿ ದೊಡ್ಡ ದನಿ ನೀಡಿತು. ಅದೇ ಚಳವಳಿಯ ಫಲವಾಗಿ ಐರೋಪ್ಯ ಒಕ್ಕೂಟದಲ್ಲಿ 2013ರಲ್ಲಿ ನಿಷೇಧ ಪೂರ್ಣಗೊಂಡಿತು. ಭಾರತವೂ 2014ರಲ್ಲಿ ಅಂಥ ಪರೀಕ್ಷೆಯನ್ನು ನಿಷೇಧಿಸಿತು.

ಇತಿಹಾಸವನ್ನು ಓದುವವರು ಹೊಗಳಿಕೆಯೊಂದನ್ನೇ ಓದಬಾರದು. ಅಮೆರಿಕದ ಬರ್ಕ್ಲಿಯಲ್ಲಿ 1970ರಷ್ಟು ಹಿಂದೆಯೇ ಇದೇ ಹೆಸರಿನ ಅಂಗಡಿಯೊಂದಿತ್ತು. 1987ರಲ್ಲಿ ಆ ಹೆಸರಿನ ಹಕ್ಕನ್ನು ಬ್ರಿಟನ್ನಿನ ಸಂಸ್ಥೆ 35 ಲಕ್ಷ ಡಾಲರ್ ಕೊಟ್ಟು ಪಡೆಯಬೇಕಾಯಿತು. 1994ರಲ್ಲಿ ಪತ್ರಕರ್ತ ಜಾನ್ ಎಂಟೈನ್ ಈ ಸಂಸ್ಥೆಯ ಮಾತಿಗೂ ಕೃತಿಗೂ ಇರುವ ಅಂತರವನ್ನು ಎತ್ತಿ ತೋರಿಸುವ ದೀರ್ಘ ಲೇಖನ ಬರೆದರು. ‘ನೈಸರ್ಗಿಕ’ ಎಂದು ಹೆಸರಾದ ವಸ್ತುಗಳಲ್ಲಿ ಕೃತಕ ಸಂರಕ್ಷಕಗಳಿದ್ದವೆಂಬುದೂ ಟೀಕೆಗೆ ಗುರಿಯಾಯಿತು. ನೀರಿನ ಅಂಶವಿರುವ ಲೇಪನ ಸಂರಕ್ಷಕವಿಲ್ಲದೆ ಕೆಲವೇ ದಿನಗಳಲ್ಲಿ ಬೂಷ್ಟು ಹಿಡಿಯುತ್ತದೆಂಬುದು ನಿಜ. ಆದರೆ ಆ ನಿಜವನ್ನು ಗ್ರಾಹಕರ ಮುಂದೆ ಬಿಚ್ಚಿ ಹೇಳುವುದೂ ವ್ಯಾಪಾರಿಯ ಧರ್ಮವೇ.

2006ರಲ್ಲಿ ಫ್ರಾನ್ಸಿನ ಲೋರಿಯಲ್ ಸಂಸ್ಥೆ 65.2 ಕೋಟಿ ಪೌಂಡಿಗೆ ಬಾಡಿ ಶಾಪನ್ನು ಕೊಂಡಿತು. ದೊಡ್ಡ ಸಂಸ್ಥೆಯನ್ನು ಒಳಗಿನಿಂದಲೇ ತಿದ್ದಬಹುದೆಂಬ ನಂಬಿಕೆ ಅನಿತಾ ಅವರದು. ಅಭಿಮಾನಿಗಳಲ್ಲಿ ಅನೇಕರಿಗೆ ಅದು ಒಪ್ಪಿಗೆಯಾಗಲಿಲ್ಲ. ಮರುವರ್ಷ, 2007ರ ಸೆಪ್ಟೆಂಬರ್ 10ರಂದು ಆಕೆ ತೀರಿಕೊಂಡರು. 2017ರಲ್ಲಿ ಬ್ರೆಜಿಲಿನ ನಾಚುರಾ, 2023ರ ಕೊನೆಯಲ್ಲಿ ಅವ್ರೇಲಿಯಸ್ ಎಂಬ ಹೂಡಿಕೆ ಸಂಸ್ಥೆ, ಹೀಗೆ ಅಂಗಡಿ ಕೈಯಿಂದ ಕೈಗೆ ದಾಟಿತು. 2024ರ ಫೆಬ್ರುವರಿಯಲ್ಲಿ ಬ್ರಿಟನ್ನಿನಲ್ಲಿ ದಿವಾಳಿಯ ಅಂಚಿಗೆ ಬಂದು ಆಡಳಿತಾಧಿಕಾರಿಗಳ ವಶವಾಯಿತು. ಅನೇಕ ಮಳಿಗೆಗಳು ಮುಚ್ಚಿದವು, ನೂರಾರು ಜನ ಕೆಲಸ ಕಳೆದುಕೊಂಡರು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಹೊಸ ಮಾಲೀಕರು ಬಂದರು.

ಈಚೆಗೆ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಮನೆಯಲ್ಲೇ ಸಾಬೂನು, ಕೂದಲೆಣ್ಣೆ ತಯಾರಿಸಿ ಮಾರುತ್ತಿರುವುದಾಗಿ ತಿಳಿಸಿ, “ಮೇಷ್ಟ್ರೇ, ವ್ಯಾಪಾರ ಬೆಳೆದ ಮೇಲೂ ಈ ಕಾಳಜಿ ಉಳಿಯುತ್ತದೆಯೇ? ಸಣ್ಣದಾಗಿಯೇ ಇರಲೇ?” ಎಂದು ಕೇಳಿದ್ದಾಳೆ. ಸಾಲ ಮಾಡಿದ್ದಾಳೆಂದೂ ಗೊತ್ತು. ಆದ್ದರಿಂದ ಬಾಯುಪಚಾರದ ಉತ್ತರ ಕೊಡಲಾರೆ. ಬೆಳೆಯಬೇಡವೆಂದು ನಾನು ಹೇಳುವುದಿಲ್ಲ. ಅನಿತಾ ಸಣ್ಣದಾಗಿಯೇ ಉಳಿದಿದ್ದರೆ ಪ್ರಾಣಿಗಳ ಪರವಾದ ಆ ದನಿ ಬ್ರೈಟನ್ನಿನ ಓಣಿಯನ್ನು ದಾಟುತ್ತಿರಲಿಲ್ಲ. ಆದರೆ ಯಾವ ಪಾಲನ್ನು ಯಾರಿಗೆ ಮಾರುತ್ತೇವೆಂಬುದನ್ನು ಮೊದಲೇ ಯೋಚಿಸಬೇಕು. ಒಡೆತನ ಕೈತಪ್ಪಿದ ಮೇಲೆ ಸ್ಥಾಪಕರ ಕಾಳಜಿ ಹೊಸ ಒಡೆಯರ ಮರ್ಜಿಗೆ ಬಿಟ್ಟದ್ದು.

ಇನ್ನೊಂದು ಮಾತು. ನೈಸರ್ಗಿಕವೆಂದ ಮಾತ್ರಕ್ಕೆ ನಿಸರ್ಗಕ್ಕೆ ಹಿತವೆಂದಲ್ಲ. ಗಂಧದ ಗುಡಿಯೆಂದು ಹೆಸರಾದ ನಮ್ಮ ನಾಡಿನಲ್ಲೇ ಶ್ರೀಗಂಧ ವಿರಳವಾಗಿಹೋಯಿತು. ರೈತನ ಹೊಲದಲ್ಲಿ ಬೆಳೆದ ಗಂಧದ ಮರವೂ ಸರ್ಕಾರದ ಸ್ವತ್ತಾಗಿದ್ದುದರಿಂದ ನೆಟ್ಟು ಬೆಳೆಸುವ ಆಸೆ ಯಾರಿಗೂ ಇರಲಿಲ್ಲ. 2001ರ ಕಾನೂನು ತಿದ್ದುಪಡಿಯ ನಂತರವಷ್ಟೇ ಅದು ಬೆಳೆದವನದಾಯಿತು. ಆದ್ದರಿಂದ ಎಣ್ಣೆ ಯಾವ ಮರದ್ದು, ಆ ಮರವನ್ನು ಮತ್ತೆ ಯಾರು ನೆಡುತ್ತಾರೆ ಎಂಬ ಲೆಕ್ಕವೂ ಜಮಾಖರ್ಚಿನ ಪುಸ್ತಕದಲ್ಲಿರಬೇಕು.

ಬ್ರೈಟನ್ನಿನ ಅಂಗಡಿಯ ಬಾಟಲಿ ತುಂಬಿಸಿಕೊಡುವ ಪದ್ಧತಿ ನಡುವೆ ನಿಂತುಹೋಗಿ, 2019ರ ನಂತರ ಮತ್ತೆ ಬಂತು. ಇಲ್ಲದಿದ್ದಾಗ ತಾನಾಗಿ ಹುಟ್ಟಿದ ಮಿತವ್ಯಯವನ್ನು ಉಳ್ಳ ಕಾಲದಲ್ಲಿ ಪ್ರಯತ್ನಪಟ್ಟು ಉಳಿಸಿಕೊಳ್ಳಬೇಕಾಗುತ್ತದೆ. ಸಣ್ಣ ವ್ಯಾಪಾರ ಮಾಡುವ ನನ್ನ ಎಲ್ಲ ಮಕ್ಕಳೂ ಇದನ್ನು ನೆನಪಿನಲ್ಲಿಡಲಿ.