ತುಟಿಯ ಕಟ್ಟು: ಶಂಖದಿಂದ ಸ್ಯಾಕ್ಸೋಫೋನ್‌ವರೆಗೆ



ನಿಮ್ಮ ಕೈಗೆ ಒಂದು ಟ್ರಂಪೆಟ್ ಕೊಟ್ಟು ಊದಿ ಎಂದರೆ ಏನು ಮಾಡುತ್ತೀರಿ? ಹೆಚ್ಚಿನವರು ಕೆನ್ನೆ ಉಬ್ಬಿಸಿ ಬಲವಾಗಿ ಗಾಳಿ ತಳ್ಳುತ್ತಾರೆ. 'ಬುಸ್' ಎಂಬ ಸದ್ದಿನ ಹೊರತು ಬೇರೇನೂ ಬರುವುದಿಲ್ಲ. ಕಾರಣ ಸರಳ. ಟ್ರಂಪೆಟ್‌ನಲ್ಲಿ ಸ್ವರ ಹುಟ್ಟುವುದು ಕೊಳವೆಯಲ್ಲಿ ಅಲ್ಲ, ವಾದಕನ ಎರಡು ತುಟಿಗಳ ಕಂಪನದಲ್ಲಿ. ಹಿತ್ತಾಳೆಯ ಕೊಳವೆ ಆ ಕಂಪನವನ್ನು ಹಿಡಿದು, ಸ್ಥಿರಗೊಳಿಸಿ, ದೂರಕ್ಕೆ ಕೇಳುವಂತೆ ಮಾಡುತ್ತದೆ. ತುಟಿ, ಹಲ್ಲು, ದವಡೆ, ಮುಖದ ಸ್ನಾಯುಗಳ ಈ ಹೊಂದಾಣಿಕೆಯನ್ನು ಪಾಶ್ಚಾತ್ಯರು 'ಎಂಬೂಷರ್' ಎಂಬ ಫ್ರೆಂಚ್ ಪದದಿಂದ ಕರೆಯುತ್ತಾರೆ. ನಾವು ಇದನ್ನು 'ತುಟಿಯ ಕಟ್ಟು' ಎನ್ನೋಣ. ಹೆಸರು ಹೊರಗಿನದು, ವಿದ್ಯೆ ಮಾತ್ರ ನಮ್ಮ ನಾಡಿಗೆ ಬಹಳ ಹಳೆಯದು.

ಶಾಸನಗಳಲ್ಲಿ ಕೇಳುವ ಧ್ವನಿ

ಇತಿಹಾಸದ ಪಾಠದಲ್ಲಿ 'ಸಮಧಿಗತ ಪಂಚಮಹಾಶಬ್ದ' ಎಂಬ ಬಿರುದನ್ನು ನೀವು ಓದಿರಬಹುದು. ರಾಷ್ಟ್ರಕೂಟ, ಚಾಲುಕ್ಯರ ಕಾಲದ ಶಾಸನಗಳಲ್ಲಿ ಮಾಂಡಲಿಕರಿಗೆ ಈ ವಿಶೇಷಣ ಮತ್ತೆ ಮತ್ತೆ ಬರುತ್ತದೆ. ಐದು ವಾದ್ಯಗಳನ್ನು ನುಡಿಸಿಕೊಳ್ಳುವ ಗೌರವ ಪಡೆದವರು ಎಂದು ಇದರ ಅರ್ಥ. ಶೃಂಗ, ಶಂಖ, ಭೇರಿ, ತಮ್ಮಟ, ಜಯಘಂಟೆ ಇವೇ ಆ ಐದು. ಇವುಗಳಲ್ಲಿ ಶೃಂಗ ಮತ್ತು ಶಂಖ ಎರಡೂ ಟ್ರಂಪೆಟ್‌ನ ಜಾತಿಗೇ ಸೇರಿದವು. ಇವೆರಡರಲ್ಲೂ ನಾಗಸ್ವರದಂತೆ ಪೀಪಿಯಿಲ್ಲ, ಕೊಳಲಿನಂತೆ ಗಾಳಿಯನ್ನು ಸೀಳುವ ಅಂಚೂ ಇಲ್ಲ. ತುಟಿಯೇ ಪೀಪಿ. ಬೆಳಗಿನ ಹೊತ್ತು ಶಂಖ, ಜಾಗಟೆ ಹಿಡಿದು ಮನೆ ಬಾಗಿಲಿಗೆ ಬರುತ್ತಿದ್ದ ದಾಸಯ್ಯನಿಗೆ ಎಂಬೂಷರ್ ಎಂಬ ಮಾತು ಗೊತ್ತಿರಲಿಲ್ಲ. ಆದರೆ ಆ ವಿದ್ಯೆಯಿಲ್ಲದೆ ಅವನ ಶಂಖ ಮೊಳಗುತ್ತಿರಲಿಲ್ಲ.

ನಮ್ಮ ಜಾತ್ರೆ, ಉತ್ಸವಗಳ ಕಹಳೆ ಮತ್ತು ಕೊಂಬು ಕೂಡ ಹೀಗೆಯೇ. ಅವುಗಳಲ್ಲಿ ಬೆರಳಿಗೆ ಕೆಲಸವಿಲ್ಲ. ತುಟಿ ಬಿಗಿದಷ್ಟೂ ಸ್ವರ ಮೇಲಕ್ಕೆ ಜಿಗಿಯುತ್ತದೆ. ಆದರೆ ಬೇಕಾದ ಸ್ವರಕ್ಕೆಲ್ಲ ಜಿಗಿಯಲು ಆಗುವುದಿಲ್ಲ. ಉದ್ದ ಬದಲಾಗದ ಕೊಳವೆಯಲ್ಲಿ ಕಂಪನಗಳು 2, 3, 4, 5, 6 ಎಂಬ ಅನುಪಾತದಲ್ಲೇ ನಿಲ್ಲುತ್ತವೆ. ಸಂಗೀತದ ಭಾಷೆಯಲ್ಲಿ ಹೇಳುವುದಾದರೆ ಅವು ಷಡ್ಜ, ಪಂಚಮ, ತಾರ ಷಡ್ಜ, ಅದರ ಮೇಲಿನ ಅಂತರ ಗಾಂಧಾರ ಮತ್ತು ಪಂಚಮ. ಕಹಳೆ ಕೂಗಿ ಕರೆಯಬಲ್ಲದು, ರಾಗ ಹಾಡಲಾರದು ಎಂಬುದಕ್ಕೆ ಇದೇ ಭೌತವಿಜ್ಞಾನದ ಕಾರಣ.

ಮೂರು ಗುಂಡಿಗಳು ಬಂದ ಮೇಲೆ

ಯೂರೋಪಿನ ತುತ್ತೂರಿಗೂ ಇದೇ ಮಿತಿಯಿತ್ತು. 1818ರಲ್ಲಿ ಜರ್ಮನಿಯ ಸ್ಟೋಲ್ಟ್ಸೆಲ್ ಮತ್ತು ಬ್ಲೂಮೆಲ್ ಕವಾಟದ ವ್ಯವಸ್ಥೆಗೆ ಪೇಟೆಂಟ್ ಪಡೆದರು. ಇಂದಿನ ಟ್ರಂಪೆಟ್‌ನ ಕೊಳವೆಯನ್ನು ಬಿಚ್ಚಿ ನೇರ ಮಾಡಿದರೆ ಸುಮಾರು ಒಂದೂವರೆ ಮೀಟರ್ ಉದ್ದವಿರುತ್ತದೆ. ಎರಡನೆಯ ಗುಂಡಿ ಒತ್ತಿದರೆ ಗಾಳಿಯ ದಾರಿ ಉದ್ದವಾಗಿ ಅರ್ಧ ಸ್ವರ ಇಳಿಯುತ್ತದೆ, ಮೊದಲನೆಯದು ಒತ್ತಿದರೆ ಒಂದು ಸ್ವರ, ಮೂರನೆಯದಕ್ಕೆ ಒಂದೂವರೆ. ಆದರೆ ಗುಂಡಿ ದಾರಿಯನ್ನಷ್ಟೇ ಬದಲಿಸುತ್ತದೆ. ಆ ದಾರಿಯಲ್ಲಿ ಯಾವ ಸ್ವರ ನಿಲ್ಲಬೇಕೆಂದು ತೀರ್ಮಾನಿಸುವುದು ಈಗಲೂ ತುಟಿಯೇ.

ಬೆಂಗಳೂರಿನಲ್ಲಿ 1809ರಲ್ಲಿ ದಂಡುಪ್ರದೇಶ ನೆಲೆಗೊಂಡಿತು. ಸೈನ್ಯದ ಜೊತೆಗೆ ಹಿತ್ತಾಳೆಯ ಬ್ಯಾಂಡ್ ವಾದ್ಯಗಳ ರೂಢಿಯೂ ಬೆಳೆಯಿತು. ಜಯನಗರದ ಕಡೆಯಿಂದ ಲಾಲ್‌ಬಾಗ್‌ಗೆ ವಾಕಿಂಗ್ ಹೋಗುವವರು ಅಲ್ಲಿನ ಬ್ಯಾಂಡ್ ಸ್ಟ್ಯಾಂಡ್ ನೋಡಿರುತ್ತೀರಿ. ಆ ಕಾಲದ ಅಭಿರುಚಿಗೆ ಅದೊಂದು ಸಾಕ್ಷಿ. ಮೈಸೂರು ಅರಮನೆಯಲ್ಲಿ ಕರ್ನಾಟಕ ಸಂಗೀತದ ವಿದ್ವಾಂಸರ ಪಕ್ಕದಲ್ಲೇ ಇಂಗ್ಲಿಷ್ ಬ್ಯಾಂಡಿಗೂ ಆಶ್ರಯ ದೊರೆಯಿತು. ಜಯಚಾಮರಾಜೇಂದ್ರ ಒಡೆಯರಂತೂ ರಷ್ಯದ ಸಂಯೋಜಕ ಮೆಡ್ಟ್ನರ್‌ನ ಕೃತಿಗಳ ಧ್ವನಿಮುದ್ರಣಕ್ಕೆ ಧನಸಹಾಯ ನೀಡಿದವರು. ಅರಮನೆ ಬ್ಯಾಂಡಿನ ಪರಂಪರೆ ಇಂದು ಪೊಲೀಸ್ ಬ್ಯಾಂಡಿನಲ್ಲಿ ಉಳಿದಿದೆ. ದಸರೆಯಲ್ಲಿ ಅದನ್ನು ಕೇಳಬಹುದು.

ಗಮಕವನ್ನು ಒಲಿಸಿಕೊಂಡ ತುಟಿ

ಅರಮನೆಯ ಆ ಬ್ಯಾಂಡ್ ಕೇಳಿ ಮನಸೋತ ಒಬ್ಬ ಬಾಲಕನಿದ್ದ. ದಕ್ಷಿಣ ಕನ್ನಡದಲ್ಲಿ 1949ರಲ್ಲಿ ಹುಟ್ಟಿದ ಅವನ ತಂದೆ ತನಿಯಪ್ಪನವರು ನಾಗಸ್ವರ ವಾದಕರು. ಅವನ ಕಣ್ಣಿಗೆ ಬಿದ್ದದ್ದು ಸ್ಯಾಕ್ಸೋಫೋನ್. ಬೆಲ್ಜಿಯಂ ಮೂಲದ ಅಡಾಲ್ಫ್ ಸ್ಯಾಕ್ಸ್ 1846ರಲ್ಲಿ ಪೇಟೆಂಟ್ ಪಡೆದ ಈ ವಾದ್ಯ ಹಿತ್ತಾಳೆಯದಾದರೂ ಇದರಲ್ಲಿ ಕಂಪಿಸುವುದು ಬೆತ್ತದ ಒಂದು ಪಟ್ಟಿ. ಆ ಬಾಲಕನೇ ಮುಂದೆ ಕದ್ರಿ ಗೋಪಾಲನಾಥ್ ಎಂದು ಹೆಸರಾದವರು.

ಅವರ ಎದುರಿಗಿದ್ದ ಸಮಸ್ಯೆ ಎಂಥದು ಗೊತ್ತೇ? ಕೊಳಲಿನಲ್ಲಿ, ನಾಗಸ್ವರದಲ್ಲಿ ರಂಧ್ರದ ಮೇಲೆ ಬೆರಳನ್ನು ಅರ್ಧ ಸರಿಸಿ ಗಮಕ ತರಬಹುದು. ಸ್ಯಾಕ್ಸೋಫೋನ್‌ನಲ್ಲಿ ಬೆರಳಿಗೂ ರಂಧ್ರಕ್ಕೂ ನಡುವೆ ಮುಚ್ಚಳವಿದೆ. ಅದು ಸ್ವರದಿಂದ ಸ್ವರಕ್ಕೆ ಮೆಟ್ಟಿಲು ಹತ್ತಲು ಮಾಡಿದ ಏರ್ಪಾಡು. ನಮ್ಮ ಸಂಗೀತಕ್ಕೆ ಬೇಕಾದದ್ದು ಸ್ವರಗಳ ನಡುವಿನ ಜಾರು. ಬೆರಳು ಮಾಡಲಾಗದ ಕೆಲಸದ ಬಹುಪಾಲು ಕೆಳತುಟಿ, ದವಡೆ, ಗಂಟಲುಗಳ ಪಾಲಿಗೆ ಬಂತು. ಮಂಗಳೂರಿನಲ್ಲಿ ಎನ್. ಗೋಪಾಲಕೃಷ್ಣ ಅಯ್ಯರ್ ಅವರಲ್ಲಿ, ಬಳಿಕ ಮದ್ರಾಸಿನಲ್ಲಿ ಟಿ. ವಿ. ಗೋಪಾಲಕೃಷ್ಣನ್ ಅವರಲ್ಲಿ ಕಲಿತ ಅವರು ವರ್ಷಗಟ್ಟಲೆ ಸಾಧನೆ ಮಾಡಿದರು. 1980ರಲ್ಲಿ ಮುಂಬಯಿಯ ಜಾಝ್ ಯಾತ್ರಾ ಉತ್ಸವದಲ್ಲಿ ನುಡಿಸಿದರು. 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್ ವೇದಿಕೆ ಅವರನ್ನು ಕರೆಯಿತು. 2004ರಲ್ಲಿ ಪದ್ಮಶ್ರೀ ಬಂತು. 2019ರ ಅಕ್ಟೋಬರ್ 11ರಂದು ಅವರು ತೀರಿಕೊಂಡಾಗ, ಬ್ಯಾಂಡಿನವರ ವಾದ್ಯವೆನಿಸಿದ್ದ ಸ್ಯಾಕ್ಸೋಫೋನ್ ಕಛೇರಿಯ ವಾದ್ಯವಾಗಿತ್ತು. ಇಂದು ನಮ್ಮ ಮದುವೆ ಮಂಟಪಗಳಲ್ಲೂ ಅದು ಕೇಳಿಬರುತ್ತದೆ.

ಕಲಿಯುವವರಿಗೆ

ಟ್ರಂಪೆಟ್ ಕಲಿಯಬೇಕೆಂದಿರುವವರು ಈ ಇತಿಹಾಸದಿಂದ ತಿಳಿಯಬೇಕಾದದ್ದು ಒಂದುಂಟು. ತುಟಿ ಸ್ನಾಯು, ಬಲಪ್ರಯೋಗಕ್ಕೆ ಒಗ್ಗುವುದಿಲ್ಲ, ಅಭ್ಯಾಸಕ್ಕೆ ಒಗ್ಗುತ್ತದೆ. 'ಮ' ಎನ್ನುವಾಗ ಸೇರುವಂತೆ ತುಟಿಗಳನ್ನು ಸೇರಿಸಿ, ಅಂಚುಗಳನ್ನು ಗಟ್ಟಿಯಾಗಿ ಹಿಡಿದು, ನಡುವೆ ಸಡಿಲ ಬಿಡಿ. ಉಸಿರು ಹೊಟ್ಟೆಯ ಆಳದಿಂದ ಬರಲಿ. ಮೊದಲ ತಿಂಗಳುಗಳಲ್ಲಿ ಒಂದೇ ಸ್ವರವನ್ನು ಸಣ್ಣ ಧ್ವನಿಯಲ್ಲಿ, ಅಲುಗದಂತೆ, ಉದ್ದಕ್ಕೆ ಹಿಡಿಯಿರಿ. ತುಟಿ ದಣಿದಾಗ ನಿಲ್ಲಿಸಿ. ಮೇಲಿನ ಸ್ವರ ಬರಲಿಲ್ಲವೆಂದು ವಾದ್ಯವನ್ನು ತುಟಿಗೆ ಒತ್ತಬೇಡಿ. ಜಾಝ್‌ನ ಮಹಾನ್ ವಾದಕ ಲೂಯಿ ಆರ್ಮ್‌ಸ್ಟ್ರಾಂಗ್ ಕೂಡ 1930ರ ದಶಕದಲ್ಲಿ ತುಟಿ ಗಾಯಗೊಂಡು ಹಲವು ತಿಂಗಳು ವಾದನ ನಿಲ್ಲಿಸಬೇಕಾಯಿತು. ಅಕ್ಕಪಕ್ಕದ ಮನೆಯವರ ನಿದ್ದೆಯ ಚಿಂತೆಯಿದ್ದರೆ ಗಂಟೆಯ ಬಾಯಿಗೆ ಸಿಕ್ಕಿಸುವ 'ಮ್ಯೂಟ್' ಇದೆ, ಬನಶಂಕರಿ, ಬಿ.ಟಿ.ಎಂ. ಬಡಾವಣೆಯ ಫ್ಲಾಟುಗಳಲ್ಲಿರುವವರಿಗೆ ಅದು ಬಹಳ ಉಪಕಾರಿ.

ಟೀವಿ ಕ್ಯಾಮೆರಾಕ್ಕೆ ವಾದಕನ ಬೆರಳು ಸುಲಭವಾಗಿ ಸಿಗುತ್ತದೆ, ತುಟಿ ಸಿಗುವುದಿಲ್ಲ. ವಾದ್ಯವೇ ಅದನ್ನು ಮರೆಮಾಡುತ್ತದೆ. ಆದ್ದರಿಂದ ಮುಂದಿನ ಬಾರಿ ನಿಮ್ಮ ಬೀದಿಯಲ್ಲಿ ಮೆರವಣಿಗೆ ಹೊರಟಾಗ ಬ್ಯಾಂಡಿನವರ ಹತ್ತಿರ ಹೋಗಿ ನಿಲ್ಲಿ. ಗಂಟೆಗಟ್ಟಲೆ ನಡೆಯುತ್ತಾ ಊದುವ ಅವರ ಬಾಯಿಯ ಅಂಚುಗಳನ್ನು ಗಮನಿಸಿ. ಶಾಸನಗಳ ಕಾಲದಿಂದ ನಡೆದುಬಂದ ಒಂದು ವಿದ್ಯೆ ಅಲ್ಲಿ ಕೆಲಸ ಮಾಡುತ್ತಿರುತ್ತದೆ. ಅವರಿಗೆ ಬಿಡುವಾದಾಗ ಒಂದು ಪ್ರಶ್ನೆ ಕೇಳಿ. ಪುಸ್ತಕದಲ್ಲಿ ಸಿಗದ ಪಾಠ ಅವರಲ್ಲಿ ಸಿಗುತ್ತದೆ.