ಮಾತು, ನಡಿಗೆ ತಡವಾದರೆ ‘ತಾನಾಗಿಯೇ ಸರಿಹೋಗುತ್ತದೆ’ ಎಂದು ಕಾಯಬಹುದೇ?

ಸಂದೇಶದಲ್ಲೇನಿದೆ?

ಗಂಡು ಮಕ್ಕಳಿಗೆ ಮಾತು ಬರುವುದೇ ತಡ, ನಾಲ್ಕು ವರ್ಷದವರೆಗೆ ಡಾಕ್ಟರಿಗೆ ತೋರಿಸಬೇಕಿಲ್ಲ, ನಾಲಿಗೆಗೆ ಬಜೆ ತೇಯ್ದು ಹಚ್ಚಿದರೆ ಸಾಕು ಎಂಬರ್ಥದ ಸಂದೇಶಗಳು ವಾಟ್ಸಾಪ್ ಗುಂಪುಗಳಲ್ಲಿ ಹರಿದಾಡುತ್ತವೆ. ಇದು ನಿಜವೇ ಎಂದು ನಾವು ಪರಿಶೀಲಿಸಿದೆವು.

ಒಂದೇ ಮಾತಿನಲ್ಲಿ: ತಪ್ಪು. ಕಾಯುವುದರಿಂದ ಮಗುವಿನ ಅಮೂಲ್ಯ ಸಮಯ ಕಳೆದುಹೋಗಬಹುದು.

ಏಕೆ ಕಾಯಬಾರದು?

ಸರಾಸರಿಯಲ್ಲಿ ಗಂಡು ಮಕ್ಕಳು ಸ್ವಲ್ಪ ತಡವಾಗಿ ಮಾತಾಡುವುದು ನಿಜ. ಆದರೆ ಆ ಅಂತರ ವರ್ಷಗಳದ್ದಲ್ಲ. ಮಿದುಳು ಅತಿ ವೇಗವಾಗಿ ಬೆಳೆಯುವುದು ಮೊದಲ ಮೂರು ವರ್ಷಗಳಲ್ಲಿ. ಕಿವಿ ಕೇಳದ ಮಗುವಿಗೆ ಮಾತು ಬರದಿರಬಹುದು. ಬಜೆ ಹಚ್ಚಿದರೆ ಕಿವಿ ಕೇಳಿಸದು. ಬಜೆಯಲ್ಲಿರುವ ಅಸರೋನ್ ಎಂಬ ಅಂಶ ಹೆಚ್ಚು ಹೊಟ್ಟೆಗೆ ಹೋದರೆ ವಾಂತಿಯೂ ಆಗಬಹುದು.

ಯಾವಾಗ ತೋರಿಸಬೇಕು?

• 9 ತಿಂಗಳಾದರೂ ಆಸರೆಯಿಲ್ಲದೆ ಕೂರದಿದ್ದರೆ
• 1 ವರ್ಷವಾದರೂ ಹೆಸರು ಕರೆದಾಗ ತಿರುಗದಿದ್ದರೆ
• 18 ತಿಂಗಳಾದರೂ ನಡೆಯದಿದ್ದರೆ, ಒಂದೂ ಪದ ಆಡದಿದ್ದರೆ
• 2 ವರ್ಷವಾದರೂ ಎರಡು ಪದ ಕೂಡಿಸಿ ಹೇಳದಿದ್ದರೆ
• ಕಲಿತ ಮಾತು ಯಾವ ವಯಸ್ಸಿನಲ್ಲಾದರೂ ನಿಂತುಹೋದರೆ

ಇವುಗಳಲ್ಲಿ ಒಂದು ಕಂಡ ಮಾತ್ರಕ್ಕೆ ತೊಂದರೆ ಇದೆ ಎಂದೇನಲ್ಲ. ಪರೀಕ್ಷೆ ಮಾಡಿಸಿ ಎಂದರ್ಥ.

ಮನೆಯಲ್ಲೇ ನೆರವು ಹೇಗೆ?

1969ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಪೋರ್ಟೇಜ್ ಎಂಬ ಊರಿನಲ್ಲಿ ಒಂದು ಯೋಜನೆ ಶುರುವಾಯಿತು. ಹಳ್ಳಿಗಾಡಿನಲ್ಲಿ ಚದುರಿದ್ದ ಕುಟುಂಬಗಳಿಗೆ ದಿನವೂ ಕೇಂದ್ರಕ್ಕೆ ಬರಲಾಗುತ್ತಿರಲಿಲ್ಲ. ಹಾಗಾಗಿ ಶಿಕ್ಷಕರೇ ವಾರಕ್ಕೊಮ್ಮೆ ಮನೆಗೆ ಹೋದರು. ಮಗು ಕಲಿಯಬೇಕಾದ್ದನ್ನು ಸಣ್ಣ ಹೆಜ್ಜೆಗಳಾಗಿ ಒಡೆದು ತಂದೆ-ತಾಯಿಗೆ ತೋರಿಸಿಕೊಟ್ಟರು. ಮುಂದಿನ ವಾರ ಬಂದು ಪ್ರಗತಿ ನೋಡಿದರು. ಈ ‘ಪೋರ್ಟೇಜ್ ಪದ್ಧತಿ’ ಈಗ ಹಲವು ದೇಶಗಳಲ್ಲಿದೆ, ಭಾರತದಲ್ಲೂ ಬಳಕೆಯಲ್ಲಿದೆ.

ಉದಾಹರಣೆಗೆ, ಚಮಚದಲ್ಲಿ ತಿನ್ನುವುದು. ಚಮಚಕ್ಕೆ ಅಂಟುವ ಮೊಸರನ್ನ ಒಳ್ಳೆಯದು. ಮೊದಲು ಮಗುವಿನ ಕೈ ಹಿಡಿದು ಚಮಚವನ್ನು ತುಟಿಯ ಹತ್ತಿರ ತನ್ನಿ. ಕೊನೆಯ ಒಂದಂಗುಲ ಮಾತ್ರ ಮಗುವೇ ಮಾಡಲಿ. ಅದು ಬಂದ ಮೇಲೆ ಸ್ವಲ್ಪ ಮೊದಲೇ ಕೈ ಬಿಡಿ. ಪ್ರತಿ ಊಟದಲ್ಲೂ ಗೆದ್ದ ಖುಷಿ ಮಗುವಿನದಾಗುತ್ತದೆ. ಸ್ನಾನ, ಬಟ್ಟೆ ಹಾಕುವುದು, ಆಟ, ಎಲ್ಲವೂ ಹೀಗೆಯೇ ಪಾಠವಾಗಬಲ್ಲವು.

ನೆನಪಿಡಿ: ಇದು ಚಿಕಿತ್ಸೆಗೆ ಬದಲಿಯಲ್ಲ. ಡೌನ್ ಸಿಂಡ್ರೋಮ್, ಸೆರೆಬ್ರಲ್ ಪಾಲ್ಸಿಯಂಥ ಸ್ಥಿತಿಗಳನ್ನು ಇದು ಇಲ್ಲವಾಗಿಸುವುದಿಲ್ಲ. ಆದರೆ ಮಗು ತನ್ನ ಕೆಲಸ ತಾನೇ ಮಾಡಿಕೊಳ್ಳಲು ಸಹಾಯ ಮಾಡುತ್ತದೆ. ಈ ಹೊಣೆ ತಾಯಿಯೊಬ್ಬಳದೇ ಆಗಬಾರದು. ಅಪ್ಪ, ಅಜ್ಜಿ, ತಾತ, ಅಕ್ಕ, ಅಣ್ಣ ಎಲ್ಲರೂ ಕಲಿಯಬಹುದು.

ಎಲ್ಲಿ ಕೇಳಬೇಕು?

ಅಂಗನವಾಡಿ ಅಥವಾ ಆಶಾ ಕಾರ್ಯಕರ್ತೆಯರಿಗೆ ತಿಳಿಸಿ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಹುಟ್ಟಿನಿಂದ 18 ವರ್ಷದವರೆಗೆ ಉಚಿತ ತಪಾಸಣೆ ಇದೆ. ಅಗತ್ಯವಿದ್ದರೆ ಜಿಲ್ಲಾ ಆರಂಭಿಕ ಮಧ್ಯಸ್ಥಿಕೆ ಕೇಂದ್ರಕ್ಕೆ ಕಳುಹಿಸುತ್ತಾರೆ. ಮಾತು ಮತ್ತು ಶ್ರವಣ ಪರೀಕ್ಷೆಗೆ ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ.

ಕೊನೆಯ ಮಾತು

ತೊಂದರೆ ಇಲ್ಲವೆಂದು ತಿಳಿದರೆ ಒಂದು ದಿನ ಖರ್ಚಾದೀತು, ಅಷ್ಟೇ. ಇದ್ದರೆ, ಬೇಗ ತಿಳಿದಷ್ಟೂ ಮಗುವಿಗೆ ಲಾಭ. ‘ಕಾದು ನೋಡಿ’ ಎಂಬ ಸಂದೇಶ ನಿಮ್ಮ ಗುಂಪಿಗೆ ಬಂದರೆ ಮುಂದೆ ಕಳುಹಿಸಬೇಡಿ. ಬದಲಿಗೆ ಮೇಲಿನ ಪಟ್ಟಿಯನ್ನು ಕಳುಹಿಸಿ.