ಸಭಾಪೀಠವೂ ಪ್ರತಿಪಕ್ಷವೂ

ಸುಧಾರಣೆಯನ್ನು ಸಂಕಲ್ಪಿಸಿದ ಸಂಘವು ತನ್ನ ಮತವನ್ನೊಪ್ಪದವನಿಗೆ ತನ್ನ ಸಭೆಯಲ್ಲಿಯೇ ಮಾತಿಗೆ ಎಡೆಗೊಡಬೇಕೇ ಎಂಬ ಪ್ರಶ್ನೆಯು ಹೊಸದೇನಲ್ಲ. ಎಡೆಗೊಟ್ಟರೆ ಅನುಯಾಯಿಗಳ ನಿಷ್ಠೆಯು ಸಡಿಲವಾದೀತೆಂಬ ಭಯ. ಕೊಡದಿದ್ದರೆ ಪರೀಕ್ಷೆಗೆ ಅಂಜಿದರೆಂಬ ಅಪವಾದ. ಈ ಎರಡು ಮಾರ್ಗಗಳ ಫಲವನ್ನೂ ಒಂದೇ ಗ್ರಂಥದ ಚರಿತ್ರೆಯಲ್ಲಿ ಕಾಣಬಹುದಾಗಿದೆ.

ಜಾತಿಭೇದವನ್ನಳಿಸುವ ಉದ್ದೇಶದಿಂದ, ಈಗ ಪಾಕಿಸ್ತಾನಕ್ಕೆ ಸೇರಿರುವ ಲಾಹೋರಿನಲ್ಲಿ, 1922ರಲ್ಲಿ ಜಾತ್-ಪಾತ್ ತೋಡಕ್ ಮಂಡಲವು ಸ್ಥಾಪಿತವಾಯಿತು. ಸಂತರಾಮರು ಅದರ ಪ್ರಮುಖರು. 1936ನೆಯ ಇಸವಿಯ ಸಮ್ಮೇಳನದ ಅಧ್ಯಕ್ಷಪೀಠಕ್ಕೆ ಮಂಡಲದವರು ಡಾಕ್ಟರ್ ಅಂಬೇಡ್ಕರರನ್ನು ಆಹ್ವಾನಿಸಿದರು. ಆದರೆ ಭಾಷಣದ ಪ್ರತಿಯನ್ನು ಮುಂಚಿತವಾಗಿ ನೋಡಲು, ಜಾತಿಯ ಬೇರು ಶಾಸ್ತ್ರಪ್ರಾಮಾಣ್ಯದಲ್ಲಿದೆಯೆಂಬ ವಾದವೂ, ತಾವು ಹಿಂದೂ ಸಮಾಜವನ್ನು ತ್ಯಜಿಸುವೆವೆಂಬ ಸೂಚನೆಯೂ ಅವರಿಗೆ ದುಸ್ಸಹವಾದುವು. ಅವುಗಳನ್ನು ಬಿಡಬೇಕೆಂದು ಕೇಳಲಾಗಿ, ಅಂಬೇಡ್ಕರರು ಒಂದು ಅಲ್ಪವಿರಾಮವನ್ನೂ ಮಾರ್ಪಡಿಸಲೊಪ್ಪಲಿಲ್ಲ. ಸಮ್ಮೇಳನವೇ ನಿಂತುಹೋಯಿತು.

ಮಂಡಲದವರ ಪಕ್ಷವನ್ನೂ ವಿಚಾರಿಸುವುದು ನ್ಯಾಯ. ಅಧ್ಯಕ್ಷಪೀಠದಿಂದ ಹೊರಟ ಮಾತನ್ನು ಜನರು ಸಂಘದ ಮಾತೆಂದೇ ಭಾವಿಸುವರು. ಆದಕಾರಣ ಪೀಠವನ್ನು ಯಾರಿಗೆ ಕೊಡಬೇಕೆಂಬುದನ್ನು ಆಹ್ವಾನಕ್ಕೆ ಮೊದಲೇ ಆಲೋಚಿಸಬೇಕಾಗಿದ್ದಿತು. ಕರೆದ ಬಳಿಕ ಅತಿಥಿಯ ಬಾಯಿ ಕಟ್ಟುವುದು ಉಚಿತವೆನಿಸದು.

ತಡೆದುದರಿಂದಾದ ಲಾಭವಾದರೂ ಏನು? ಅದೇ ವರ್ಷದ ಮೇ ತಿಂಗಳಿನಲ್ಲಿ ಅಂಬೇಡ್ಕರರು ಆ ಇಂಗ್ಲಿಷ್ ಭಾಷಣವನ್ನು ತಾವೇ ಅಚ್ಚುಹಾಕಿಸಿದರು. ‘ಜಾತಿವಿನಾಶ’ವೆಂದು ಕನ್ನಡಿಗರು ಬಲ್ಲ ಗ್ರಂಥವೇ ಅದು. 1,500 ಪ್ರತಿಗಳು ಎರಡು ತಿಂಗಳೊಳಗೆ ತೀರಿದುವು. ಒಂದು ಸಭೆಯಲ್ಲಿ ಮುಗಿಯಬಹುದಾಗಿದ್ದ ಮಾತು ದೇಶವ್ಯಾಪಿಯಾಯಿತು. ಜುಲೈ ತಿಂಗಳ ‘ಹರಿಜನ’ ಪತ್ರಿಕೆಯಲ್ಲಿ ಗಾಂಧೀಜಿಯವರು ಭಾಷಣದ ವಾದವನ್ನು ಖಂಡಿಸಿದರಾದರೂ, ಜನರಿಗೆ ಅದನ್ನು ಕೇಳುವ ಅವಕಾಶವನ್ನು ಸ್ವಾಗತಸಮಿತಿಯವರು ತಪ್ಪಿಸಿದರೆಂದು ಆಕ್ಷೇಪಿಸದಿರಲಿಲ್ಲ.

ಇನ್ನೂ ಗಮನಾರ್ಹವಾದುದು ಮುಂದಿನದು. 1937ರ ದ್ವಿತೀಯ ಮುದ್ರಣದಲ್ಲಿ ಅಂಬೇಡ್ಕರರು ಗಾಂಧೀಜಿಯವರ ಲೇಖನಗಳನ್ನು ಅನುಬಂಧವಾಗಿ ಸೇರಿಸಿ, ಅದರ ಬೆನ್ನಿಗೇ ತಮ್ಮ ಪ್ರತ್ಯುತ್ತರವನ್ನು ಪ್ರಕಟಿಸಿದರು. ಪೀಠದಿಂದ ವಂಚಿತರಾದವರೇ ತಮ್ಮ ಪ್ರತಿಪಕ್ಷಕ್ಕೆ ತಮ್ಮ ಗ್ರಂಥದಲ್ಲಿ ಸ್ಥಾನವನ್ನಿತ್ತರು. ಇದರಿಂದ ಅವರ ವಾದವು ಕುಗ್ಗಲಿಲ್ಲ. ಓದುಗನು ಎರಡನ್ನೂ ತೂಗಿ ನೋಡುವಂತಾಯಿತು.

ಪೂರ್ವಪಕ್ಷವನ್ನು ನಿರೂಪಿಸಿದ ಬಳಿಕವೇ ಸಿದ್ಧಾಂತವನ್ನು ಸ್ಥಾಪಿಸುವುದು ನಮ್ಮ ಪ್ರಾಚೀನ ಪದ್ಧತಿ. ಶೂನ್ಯಸಂಪಾದನೆಯಲ್ಲಿಯೂ ಪ್ರಭುದೇವರೊಡನೆ ವಾದಿಸಿದ ಸಿದ್ಧರಾಮಯ್ಯನವರ ಮಾತುಗಳು ಉಳಿದುಬಂದಿವೆಯಷ್ಟೆ. ಪ್ರತಿಪಕ್ಷಕ್ಕೆ ಅಧ್ಯಕ್ಷಪೀಠವನ್ನೇ ಒಪ್ಪಿಸಬೇಕೆಂಬ ನಿರ್ಬಂಧವಿಲ್ಲ. ಆದರೆ ಅದರ ಮಾತು ಪೂರ್ಣವಾಗಿ ಕೇಳಿಬರಬೇಕು, ಅದರ ಮಗ್ಗುಲಲ್ಲಿಯೇ ಉತ್ತರವೂ ನಿಲ್ಲಬೇಕು. ಉತ್ತರವುಳ್ಳ ಸಂಘಕ್ಕೆ ಪ್ರಶ್ನೆಯ ಭಯವೇತಕ್ಕೆ?